ಕತ್ತಿ ತಗೊಳ್ಳಿ, ಕಲ್ಲು ಆಮೇಲೆ ನೋಡೋಣ

ಹೋದ ವಾರ ಗಡ್ಡ ಹೆರೆಯುವ ಕತ್ತಿ ಹಿಡಿದ ನನ್ನ ಫೋಟೋ ಒಂದನ್ನು ಹಾಕಿದ್ದೆ. ಅದೇ, ಹಳೇ ಕಾಲದ ಕ್ಷೌರದಂಗಡಿಯಲ್ಲಿ ಇರುತ್ತಿತ್ತಲ್ಲ, ಹಿಡಿಯೊಳಗೆ ಮಡಚಿಕೊಳ್ಳುವ ಉದ್ದನೆಯ ಕತ್ತಿ. ಈಗ ಸ್ಟ್ರೈಟ್ ರೇಜರ್ ಅನ್ನುತ್ತಾರೆ. ಅವತ್ತಿನಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ: ಮಸೆಯೋಕೆ ಯಾವ ಕಲ್ಲು ತಗೊಳ್ಳಲಿ? ಕತ್ತಿ ಯಾವುದು ಅಂತ ಕೇಳಿದವರು ಇಬ್ಬರೇ. ಉಳಿದವರೆಲ್ಲ ಕಲ್ಲಿನ ಹಿಂದೆ ಬಿದ್ದಿದ್ದಾರೆ.

ನನ್ನ ಉತ್ತರ ಇಷ್ಟೇ. ಮೊದಲ ಆರು ತಿಂಗಳು ಕಲ್ಲು ತಗೊಳ್ಳಲೇಬೇಡಿ.

ಯಾಕೆ ಅಂತ ಹೇಳಬೇಕಾದರೆ ನನ್ನ ಮರ್ಯಾದೆ ನಾನೇ ಕಳೆದುಕೊಳ್ಳಬೇಕು. ನಮ್ಮದು ಮಲೆನಾಡು. ಚಿಕ್ಕಂದಿನಿಂದ ಅಡಿಕೆ ಕತ್ತಿ, ಹುಲ್ಲು ಕತ್ತಿ ಮಸೆದು ಬೆಳೆದವನು. ಇದೇನು ಮಹಾ ಅಂದುಕೊಂಡು ಆನ್‌ಲೈನಿನಲ್ಲಿ ಆರುನೂರು ರೂಪಾಯಿಯ ಕತ್ತಿ ತರಿಸಿದೆ, ಜೊತೆಗೊಂದು ಕಲ್ಲು. ಮೂರು ಭಾನುವಾರ ಕೂತು ಮಸೆದೆ. ಪೇಪರ್ ಸರ್ ಅಂತ ಸೀಳುತ್ತಿತ್ತು. ಖುಷಿಯಲ್ಲಿ ಕೆನ್ನೆಗೆ ಇಟ್ಟರೆ ಗಡ್ಡ ಹೆರೆಯಲಿಲ್ಲ, ಕಿತ್ತಿತು. ಎರಡು ದಿನ ಮುಖ ಉರಿ. ಆಫೀಸಿನಲ್ಲಿ ಒಬ್ಬರು "ಏನ್ರೀ, ಬೆಕ್ಕು ಸಾಕಿದ್ದೀರಾ?" ಅಂದರು.

ತಪ್ಪು ಕೈಯದ್ದೋ, ಕತ್ತಿಯದ್ದೋ, ಕಲ್ಲಿನದ್ದೋ? ಗೊತ್ತಾಗಲಿಲ್ಲ. ಹೊಸಬರ ಕಷ್ಟ ಇರೋದೇ ಇಲ್ಲಿ. ಮೂರೂ ಹೊಸದಾದರೆ ಯಾವುದು ಕೈಕೊಟ್ಟಿತು ಅಂತ ಹೇಗೆ ತಿಳಿಯೋದು? ಅದಕ್ಕೇ ಗೊತ್ತಿರುವವರು ಮಸೆದು, ಗಡ್ಡಕ್ಕೆ ರೆಡಿ ಮಾಡಿದ ಕತ್ತಿಯನ್ನೇ ತಗೊಳ್ಳಿ ಅನ್ನೋದು. ಆಗ ಮುಖ ಉರಿದರೆ ತಪ್ಪು ನಿಮ್ಮ ಕೈಯದ್ದೇ, ಅನುಮಾನವೇ ಬೇಡ.

ಕತ್ತಿಯಲ್ಲಿ ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್ ಹಳೇ ಹೆಸರುಗಳು. ಸೋಲಿಂಗನ್ ಅನ್ನೋ ಊರ ಹೆಸರನ್ನು ಬೇರೆಯವರು ಕತ್ತಿಯ ಮೇಲೆ ಹೊಡೆಯಬಾರದು ಅಂತ ಜರ್ಮನಿಯಲ್ಲಿ 1938ರಲ್ಲೇ ಕಾನೂನು ಬಂತು. ಹೊಸದರ ಬೆಲೆ ಕೇಳಿದರೆ ಗಡ್ಡ ಬಿಡೋಣ ಅನ್ನಿಸುತ್ತದೆ. ಹಳೇದು ಸಿಕ್ಕರೆ ಒಳ್ಳೆಯದು, ಬಾಯಿ ಮುಕ್ಕಾಗಿರಬಾರದು, ಅಂಚಿನ ಹತ್ತಿರ ತುಕ್ಕು ಇರಬಾರದು ಅಷ್ಟೇ. ಅಲಗಿನ ಅಗಲ ಒಂದು ಇಂಚಿನ ಎಂಟು ಭಾಗದಲ್ಲಿ ಐದೋ ಆರೋ ಇದ್ದರೆ ಸಾಕು.

ನನ್ನ ಆರುನೂರು ರೂಪಾಯಿ ಕತ್ತಿಗೆ ಏನಾಗಿತ್ತು ಅಂತ ತಿಳಿದದ್ದು ತುಂಬ ತಡವಾಗಿ. ಅಡಿಕೆ ಕತ್ತಿ ಮಸೆಯುವಾಗ ಓರೆ ಎಷ್ಟಿರಬೇಕು ಅಂತ ಕೈಯೇ ಅಳೆಯುತ್ತದೆ. ಇದರಲ್ಲಿ ಹಾಗಲ್ಲ. ಕತ್ತಿಯ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಮಲಗಿಸಿದರೆ ಸಾಕು, ಸುಮಾರು 16 ಡಿಗ್ರಿಯ ಬಾಯಿ ತಾನಾಗಿ ಬರುತ್ತದೆ. ಎಷ್ಟು ಚಂದದ ಯೋಚನೆ ನೋಡಿ! ಆದರೆ ಬೆನ್ನೇ ಸೊಟ್ಟ ಇದ್ದರೆ? ನನ್ನದು ಹಾಗೇ ಇತ್ತು. ಕಲ್ಲಿನ ಮೇಲಿಟ್ಟು ಬೆರಳಿಂದ ಒತ್ತಿದರೆ ಕಾಲು ಗಿಡ್ಡ ಆದ ಸ್ಟೂಲಿನ ಹಾಗೆ ಟಕಟಕ ಅನ್ನುತ್ತಿತ್ತು. ಅದು ಕತ್ತಿಯೇ ಅಲ್ಲ, ಕತ್ತಿಯ ಆಕಾರದ ತಗಡು.

ಇದನ್ನು ಕಂಡುಹಿಡಿಯೋಕೆ ಸುಲಭದ ಉಪಾಯ ಒಂದಿದೆ. ಮಾರ್ಕರ್ ಪೆನ್ನಿನಿಂದ ಬಾಯಿಯ ಉದ್ದಕ್ಕೂ ಕಪ್ಪು ಗೆರೆ ಎಳೆಯಿರಿ. ಕಲ್ಲಿನ ಮೇಲೆ ಹಗುರಾಗಿ ಎರಡು ಸಲ ಓಡಿಸಿ. ಮಸಿ ಎಲ್ಲಿ ಹೋಯಿತೋ ಅಲ್ಲಿ ಕಲ್ಲು ತಾಗಿದೆ, ಎಲ್ಲಿ ಉಳಿಯಿತೋ ಅಲ್ಲಿ ತಾಗಿಲ್ಲ. ನನ್ನ ಕತ್ತಿಯ ನಡುವೆ ಎರಡು ಬೆರಳು ಅಗಲ ಮಸಿ ಹಾಗೇ ಕೂತಿತ್ತು. ಮೂರು ಭಾನುವಾರ ನಾನು ಮಸೆದದ್ದು ಬರೀ ಎರಡು ತುದಿಗಳನ್ನ!

ಕಲ್ಲಿಗಿಂತ ಮೊದಲು ಕಲಿಯಬೇಕಾದ್ದು ಚರ್ಮದ ಪಟ್ಟಿ, ಗಡ್ಡ ಮಾಡುವ ಮುಂಚೆ ಬಾಯಿ ನೇರ ಮಾಡೋಕೆ ಕತ್ತಿಯನ್ನು ಓಡಿಸುವ ಪಟ್ಟಿ. ನಮ್ಮೂರ ಪೇಟೆಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಹಿರಿಯರೊಬ್ಬರಿದ್ದಾರೆ. ಅಂಗಡಿ ಈಗ ಮಗ ನೋಡಿಕೊಳ್ಳುತ್ತಾನೆ. ಎಚ್‌ಐವಿ ಭಯ ಬಂದಮೇಲೆ ಅವರೂ ಎಲ್ಲರ ಹಾಗೆ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಗೆ ಹೋದರು. ಹೋಗಲೇಬೇಕಿತ್ತು, ಒಬ್ಬರ ಮುಖದ ಕತ್ತಿ ಇನ್ನೊಬ್ಬರಿಗೆ ಯಾಕೆ? ನನ್ನ ಕತ್ತಿ ತೋರಿಸಿದೆ. ಬಿಡಿಸಿ, ಬೆಳಕಿಗೆ ಹಿಡಿದು, ಏನೂ ಹೇಳದೆ ಎಡ ಅಂಗೈ ಮೇಲೆ ನಾಲ್ಕು ಸಲ ಆಡಿಸಿದರು. ನನ್ನ ಎದೆ ಧಸಕ್ ಅಂತು.

"ಅಣ್ಣಾ, ಕೈ ಕುಯ್ಯಲ್ವಾ?" ಅಂದೆ.

"ಬೆನ್ನು ಮುಂದೆ ಹೋದ್ರೆ ಎಂತಕ್ಕೆ ಕುಯ್ಯುತ್ತೆ? ತಿರುಗಿಸುವಾಗ ಬೆನ್ನ ಮೇಲೇ ಹೊರಳಿಸಬೇಕು. ಬಾಯಿ ಮೇಲೆ ಹೊರಳಿಸಿದ್ರೋ, ಪಟ್ಟಿ ಹೋಯ್ತು" ಅಂದರು.

ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ. ಮನೆಗೆ ಬಂದು ಹೊಸ ಪಟ್ಟಿಯನ್ನು ಎರಡನೇ ದಿನವೇ ಸೀಳಿದೆ, ಅದು ಬೇರೆ ಮಾತು. ಮೊದಲ ಪಟ್ಟಿ ಎಲ್ಲರೂ ಸೀಳುತ್ತಾರೆ, ಅಗ್ಗದ್ದೇ ತಗೊಳ್ಳಿ. ಜೋತು ಬೀಳದ ಹಾಗೆ ಬಿಗಿಯಾಗಿ ಎಳೆದು ಹಿಡಿಯಿರಿ. ಪ್ರತಿ ಸಲ ಗಡ್ಡ ಮಾಡುವ ಮುಂಚೆ ನಾನು ಬಟ್ಟೆ ಪಟ್ಟಿಯ ಮೇಲೆ ಇಪ್ಪತ್ತು, ಚರ್ಮದ ಮೇಲೆ ಐವತ್ತು ಸಲ ಓಡಿಸುತ್ತೇನೆ. ಇಷ್ಟು ಮಾಡಿದರೆ ಕಲ್ಲು ಮುಟ್ಟದೆ ತಿಂಗಳುಗಟ್ಟಲೆ ನಡೆಯುತ್ತದೆ.

ಮೆತ್ತನೆ ಕೂದಲು ಗಟ್ಟಿ ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಅಂತ ನನಗೂ ಕುತೂಹಲ ಇತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಅಂಚು ಸಣ್ಣಸಣ್ಣದಾಗಿ ಮುಕ್ಕಾಗುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಅದೂ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ. ಅದನ್ನು ಓದಿದಮೇಲೆ ಗಡ್ಡವನ್ನು ಬಿಸಿನೀರಲ್ಲಿ ಚೆನ್ನಾಗಿ ನೆನೆಸೋಕೆ ಶುರು ಮಾಡಿದೆ. ನೆನೆದ ಕೂದಲು ಇನ್ನೂ ಮೆತ್ತಗೆ, ಅಲ್ವಾ?

ಮುಖದ ವಿಷಯಕ್ಕೆ ಜಾಸ್ತಿ ಹೇಳೋದಿಲ್ಲ. ಮೊದಲ ವಾರ ಬರೀ ಕೆನ್ನೆ, ಉಳಿದದ್ದು ನಿಮ್ಮ ಹಳೇ ರೇಜರಿನಲ್ಲೇ ಆಗಲಿ. ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿಯಿರಿ, ಕತ್ತಿ ಸುಮಾರು 30 ಡಿಗ್ರಿ ಓರೆ ಇರಲಿ, ಒತ್ತಲೇಬೇಡಿ. ಪಟಿಕದ ತುಂಡು ಹತ್ತಿರ ಇಟ್ಟುಕೊಳ್ಳಿ, ಬೇಕಾಗುತ್ತದೆ. ಮುಗಿದಮೇಲೆ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಊರಿಗೆ ಒಯ್ದಿದ್ದಾಗ ಎರಡೇ ದಿನಕ್ಕೆ ಅಲಗಿನ ಮೇಲೆ ಕಂದು ಚುಕ್ಕೆ ಬಂದಿತ್ತು. ಈಗ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರುತ್ತೇನೆ.

ಆರು ತಿಂಗಳು ಕಳೆದಮೇಲೂ ಆಸೆ ಹೋಗದಿದ್ದರೆ ಕಲ್ಲು ತಗೊಳ್ಳಿ. ಕಲ್ಲಿನ ನಂಬರ್ ಜಾಸ್ತಿ ಆದಷ್ಟೂ ಅದು ನುಣುಪು. ಬಾಯಿ ಕೂರಿಸೋಕೆ 1000, ಆಮೇಲೆ 4000, 8000, ಕೊನೆಗೆ 12000. ಕಲ್ಲು ಸಮ ಇರಬೇಕು. ಅದರ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ನೀರು ಬಿಟ್ಟು, ಗೆರೆ ಪೂರ್ತಿ ಮಾಯ ಆಗುವವರೆಗೆ ತಿಕ್ಕಿ. ಕತ್ತಿಯ ತೂಕದ ಮೇಲೆ ನಿಮ್ಮ ಭಾರ ಹಾಕಬೇಡಿ. ನನಗೆ ಕಷ್ಟ ಆದದ್ದು ಇದೊಂದೇ, ಅಡಿಕೆ ಕತ್ತಿ ಮಸೆದ ಕೈ ಒತ್ತದೆ ಇರೋದಿಲ್ಲ.

ದುಡ್ಡು ಉಳಿಯುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಬಳಸಿ ಬಿಸಾಡುವ ಬ್ಲೇಡಿನ ರೇಜರ್ ತಂದ ಜಿಲೆಟ್ ಕಂಪನಿ 1903ರಲ್ಲಿ ಮಾರಿದ್ದು 51 ರೇಜರ್, 168 ಬ್ಲೇಡ್. ಮರುವರ್ಷ 90 ಸಾವಿರಕ್ಕೂ ಜಾಸ್ತಿ ರೇಜರ್ ಹೋದವು. ಜನರೇನು ದಡ್ಡರಾ? ದಿನಾ ಬೆಳಿಗ್ಗೆ ಪಟ್ಟಿ ಹಿಡಿದು ನಿಲ್ಲೋಕೆ ಯಾರಿಗೆ ಪುರುಸೊತ್ತಿತ್ತು? ನನ್ನ ಕಲ್ಲು, ಪಟ್ಟಿ, ಕತ್ತಿ ಎಲ್ಲ ಸೇರಿ ಆದ ಖರ್ಚಿನಲ್ಲಿ ಹತ್ತು ವರ್ಷಕ್ಕೆ ಬ್ಲೇಡ್ ಬರುತ್ತಿತ್ತು. ಇದು ಶೋಕಿ, ಒಪ್ಪಿಕೊಂಡುಬಿಡೋದು ವಾಸಿ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯ ನಾಲ್ಕೂ ಕಲ್ಲುಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು ನೋಡಿದರು. "ಎಂತ ಮಾರಾಯ, ಒಂದು ಗಡ್ಡಕ್ಕೆ ನಾಲ್ಕು ಕಲ್ಲಾ?" ಅಂದರು. ಮರುದಿನ ನೋಡಿದರೆ 1000ದ ಕಲ್ಲಿನ ನಡುವೆ ಅಡಿಕೆ ಕತ್ತಿ ಮಸೆದ ಹಳ್ಳ. ಮತ್ತೆ ಗಾಜು, ಎಮರಿ ಪೇಪರ್, ಪೆನ್ಸಿಲ್.

ಅಂದ ಹಾಗೆ, ಫೋಟೋ ನೋಡಿ ಮೀಸೆ ಯಾವಾಗ ಬಿಟ್ಟಿರಿ ಅಂತ ಕೇಳಿದವರಿಗೆ: ಮೂಗಿನ ಕೆಳಗೆ ಕತ್ತಿ ಆಡಿಸೋಕೆ ಇನ್ನೂ ಧೈರ್ಯ ಬಂದಿಲ್ಲ.