ಐದು ಎಂಬಿ ಡ್ರೈವರಿಗಾಗಿ ಇಡೀ ಪ್ಯಾಕ್ ಹೊರಬೇಕೆ?

ಕಳೆದ ಬೇಸಿಗೆ ರಜೆಯಲ್ಲಿ ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಹನ್ನೊಂದು ಹಳೆಯ ಕಂಪ್ಯೂಟರ್‌ಗಳಿಗೆ ನಾವು ಮೂವರು ಗೆಳೆಯರು ಸೇರಿ ವಿಂಡೋಸ್ 10 ಅನ್ನು ಹೊಸದಾಗಿ ಹಾಕಿದೆವು. ಶಾಲೆಯವರು ಕೊಂಡಿಟ್ಟಿದ್ದ ಯುಎಸ್‌ಬಿ ವೈಫೈ ಡಾಂಗಲ್‌ಗಳನ್ನು ವಿಂಡೋಸ್ ಗುರುತಿಸಲಿಲ್ಲ. ಅದಕ್ಕೆ ಡ್ರೈವರ್, ಅಂದರೆ ಆ ಸಾಧನವನ್ನು ವಿಂಡೋಸ್ ಬಳಸುವಂತೆ ಮಾಡುವ ಪುಟ್ಟ ತಂತ್ರಾಂಶ ಬೇಕು. ಡ್ರೈವರ್ ಇಲ್ಲದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಡ್ರೈವರ್ ಇಲ್ಲ. ಸ್ವಯಂಸೇವಕರು ವರ್ಷಗಟ್ಟಲೆ ಕಟ್ಟಿಕೊಂಡು ಬಂದಿರುವ ಡ್ರೈವರ್ ಸಂಗ್ರಹಗಳು ನೆರವಿಗೆ ಬರುವುದು ಇಂಥ ಹೊತ್ತಿನಲ್ಲೇ. ಆದರೆ ನನ್ನ ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯಲ್ಲಿ ವೈಫೈ ಪ್ಯಾಕ್ ಕೆಟ್ಟಿತ್ತು. ನೂರಾರು ಡ್ರೈವರ್‌ಗಳನ್ನು ಒಂದೇ ಕಡತವಾಗಿ ಒತ್ತಿಟ್ಟಿದ್ದರಿಂದ, ನಡುವಿನ ಒಂದು ತುಣುಕು ಹಾಳಾದದ್ದಕ್ಕೆ ಅದರ ಮುಂದಿನದೇನೂ ತೆರೆಯಲಿಲ್ಲ. ನಮಗೆ ಬೇಕಿದ್ದದ್ದು ಹೆಚ್ಚೆಂದರೆ ಐದು ಎಂಬಿಯ ಒಂದು ಫೋಲ್ಡರ್. ಅದಕ್ಕಾಗಿ ನೂರಾರು ಎಂಬಿಯ ಪ್ಯಾಕನ್ನು, ಸಿಗ್ನಲ್ ಬಂದು ಹೋಗುವ ಮೊಬೈಲ್‌ನಲ್ಲಿ, ದಿನಕ್ಕೆ ಒಂದೂವರೆ ಜಿಬಿಯ ಡೇಟಾ ಮಿತಿಯೊಳಗೆ ಇಳಿಸಿಕೊಳ್ಳಲು ಮಧ್ಯಾಹ್ನದಿಂದ ಸಂಜೆಯವರೆಗೆ ಕುಳಿತೆವು.

ಇದು ಸಂಗ್ರಹ ಕಟ್ಟಿದವರ ಮೇಲಿನ ದೂರಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಡ್ರೈವರ್‌ಪ್ಯಾಕ್ಸ್‌ನಿಂದ ಇಂದಿನ ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್‌ವರೆಗೆ, ಜಾಹೀರಾತನ್ನೂ ಬೇಡದ ತಂತ್ರಾಂಶವನ್ನೂ ತುರುಕದೆ ಈ ಕೆಲಸ ಮಾಡಿಕೊಂಡು ಬಂದವರಿಗೆ ನಾನು ಋಣಿ. ನನ್ನ ತಕರಾರು ಹಂಚುವ ಕ್ರಮದ ಬಗ್ಗೆ ಮಾತ್ರ. ಹಂಚಿಕೆಯ ಘಟಕ ಪ್ಯಾಕ್ ಆಗಿರಬಾರದು, ಒಂದೊಂದು ಡ್ರೈವರ್ ಆಗಿರಬೇಕು.

ಇದಕ್ಕೆ ತಾಂತ್ರಿಕ ಅಡ್ಡಿಯೇನೂ ನನಗೆ ಕಾಣುವುದಿಲ್ಲ. ಪ್ರತಿ ಸಾಧನವೂ ತನ್ನ ಗುರುತನ್ನು ತಾನೇ ಹೇಳುತ್ತದೆ. ನಮ್ಮ ಡಾಂಗಲ್ ಹೇಳಿದ್ದು ವೆಂಡರ್ 0ಬಿಡಿಎ, ಅಂದರೆ ರಿಯಲ್‌ಟೆಕ್ ಕಂಪನಿ, ಉತ್ಪನ್ನ ಸಿ811. ಆ ಗುರುತು ಯಾವ ಡ್ರೈವರಿಗೆ ಹೊಂದುತ್ತದೆ ಎಂಬುದು ಡ್ರೈವರಿನ ಜೊತೆಗಿರುವ ಐಎನ್‌ಎಫ್ ಕಡತದಲ್ಲಿರುತ್ತದೆ, ಮತ್ತು ಸಂಗ್ರಹಗಳು ಇದರ ಸೂಚಿಯನ್ನು ಈಗಾಗಲೇ ಬೇರೆಯಾಗಿ ಕೊಡುತ್ತಿವೆ. ಡ್ರೈವರ್ ಅಸಲಿ ಎಂದು ಖಚಿತಪಡಿಸುವ ಡಿಜಿಟಲ್ ಸಹಿಯೂ ಪ್ಯಾಕಿಗೆ ಸೇರಿದ್ದಲ್ಲ. ಅದು ಪ್ರತಿ ಡ್ರೈವರಿನ ಫೋಲ್ಡರಿನಲ್ಲಿರುವ ಕ್ಯಾಟಲಾಗ್ ಕಡತದಲ್ಲಿರುತ್ತದೆ, ಐಎನ್‌ಎಫ್‌ನ ಒಂದಕ್ಷರ ಬದಲಾದರೂ ಮುರಿಯುತ್ತದೆ. ಅಂದಮೇಲೆ ಫೋಲ್ಡರನ್ನು ಬಿಡಿಯಾಗಿ ಕೊಟ್ಟರೂ ವಿಶ್ವಾಸಾರ್ಹತೆ ಕಡಿಮೆಯಾಗುವುದಿಲ್ಲ.

ಬಳಕೆದಾರರೇ ಒಬ್ಬರಿಂದೊಬ್ಬರಿಗೆ ಕಡತ ಹಂಚಿಕೊಳ್ಳುವ ಟೊರೆಂಟ್ ಮೂಲಕ ಹಂಚುವಾಗ ತೊಂದರೆ ಇನ್ನೂ ದೊಡ್ಡದು. ಪ್ಯಾಕಿನೊಳಗೆ ಒಂದು ಡ್ರೈವರ್ ಬದಲಾದರೂ ಪ್ಯಾಕಿನ ಹೆಸರು ಬದಲಾಗುತ್ತದೆ, ಟೊರೆಂಟಿನ ಗುರುತೂ ಬದಲಾಗುತ್ತದೆ, ಹಳೆಯದನ್ನು ಹಂಚುತ್ತಿದ್ದವರು ಒಂದು ಕಡೆ, ಹೊಸದನ್ನು ಹಂಚುವವರು ಇನ್ನೊಂದು ಕಡೆ ಆಗುತ್ತಾರೆ. ಟೊರೆಂಟ್‌ನ ತಂತ್ರವಾದ ಬಿಟ್‌ಟೊರೆಂಟ್‌ನ ಎರಡನೆಯ ಆವೃತ್ತಿಯಲ್ಲಿ ಪ್ರತಿ ಕಡತಕ್ಕೂ ಪ್ರತ್ಯೇಕ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಇರುವುದರಿಂದ, ಬದಲಾಗದ ಕಡತ ಎರಡು ಟೊರೆಂಟ್‌ಗಳಲ್ಲಿದ್ದರೂ ಅದು ಒಂದೇ ಎಂದು ಗುರುತಿಸಬಹುದು. ಆದರೆ ಈ ಅನುಕೂಲ ದೊರೆಯಬೇಕಾದರೆ ಕಡತಗಳು ಚಿಕ್ಕವಾಗಿರಬೇಕು. ಎಲ್ಲವನ್ನೂ ಒಂದೇ ಕಡತವಾಗಿ ಒತ್ತಿಟ್ಟು ಉಳಿಸಿದ್ದನ್ನು, ಪ್ರತಿ ಸಲ ಇಡೀ ಪ್ಯಾಕನ್ನು ಮತ್ತೆ ಇಳಿಸಿಕೊಳ್ಳುವುದರಲ್ಲಿ ಕಳೆದುಕೊಳ್ಳುತ್ತಿದ್ದೇವೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹಳೆಯ ಡ್ರೈವರ್‌ಗಳ ಪ್ರಶ್ನೆ. 2020ರಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾಬಿನ್‌ಹುಡ್ ಎಂಬ ರ‍್ಯಾನ್ಸಮ್‌ವೇರ್, ಗಿಗಾಬೈಟ್ ಕಂಪನಿಯ ಒಂದು ಹಳೆಯ, ಸರಿಯಾದ ಸಹಿಯೇ ಇದ್ದ ಡ್ರೈವರನ್ನು ತಾನೇ ಹೊತ್ತು ತಂದು, ಅದರ ದೋಷವನ್ನು ಬಳಸಿ ವಿಂಡೋಸ್‌ನ ತಿರುಳಾದ ಕರ್ನಲ್‌ಗೆ ನುಗ್ಗಿ, ರಕ್ಷಣಾ ತಂತ್ರಾಂಶಗಳನ್ನು ನಿಲ್ಲಿಸಿತ್ತು. ಸಹಿ ಇದೆ ಎಂದ ಮಾತ್ರಕ್ಕೆ ಡ್ರೈವರ್ ಸುರಕ್ಷಿತವಲ್ಲ. ಇಂಥ ಡ್ರೈವರ್‌ಗಳ ತಡೆಪಟ್ಟಿಯನ್ನು ಮೈಕ್ರೋಸಾಫ್ಟ್ ಪ್ರಕಟಿಸುತ್ತದೆ, ಸಮುದಾಯದವರೇ ನಡೆಸುವ ಲೋಲ್‌ಡ್ರೈವರ್ಸ್ ಪಟ್ಟಿಯೂ ಇದೆ. ಹೊಸ ಆವೃತ್ತಿ ಬಿಡುಗಡೆ ಮಾಡುವ ಮುನ್ನ ಸಂಗ್ರಹದ ಪ್ರತಿ ಕಡತವನ್ನೂ ಈ ಎರಡರೊಂದಿಗೆ ಹೋಲಿಸುವುದು ಕಡ್ಡಾಯವಾಗಬೇಕು.

ಹಾಗೆಂದು ಹಳೆಯದನ್ನೆಲ್ಲ ಅಳಿಸಿಹಾಕುವುದನ್ನೂ ನಾನು ಒಪ್ಪಲಾರೆ. 2014ರಲ್ಲಿ, ಯುಎಸ್‌ಬಿ ಸಂಪರ್ಕದ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕವೇ ಬಂದು, ನಕಲಿ ಚಿಪ್‌ಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆ ಮಾಡಿ, ವಿಂಡೋಸ್ ಅವನ್ನು ಗುರುತಿಸದಂತೆ ಮಾಡಿತು. ತಮ್ಮ ಸಾಧನದಲ್ಲಿರುವುದು ನಕಲಿ ಎಂದು ತಿಳಿಯದವರ ಕೆಲಸವೂ ನಿಂತಿತು. ಆದ್ದರಿಂದ ಹಿಂದಿನ ಆವೃತ್ತಿಗೆ ಮರಳುವ ದಾರಿ ಇರಲೇಬೇಕು. ಹಳೆಯದು ಇರಲಿ, ಆದರೆ ಅದು ಏಕೆ ಇದೆ, ಅದರಲ್ಲಿ ಯಾವ ದೋಷ ತಿಳಿದುಬಂದಿದೆ ಎಂಬ ಟಿಪ್ಪಣಿಯೊಂದಿಗೆ ಇರಲಿ.

ಸಾಧನದ ಒಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರ್‌ನ ಲಿನಕ್ಸ್ ಭಂಡಾರದಲ್ಲಿ ಇಂಥ ಶಿಸ್ತು ಬಹಳ ಹಿಂದಿನಿಂದಲೂ ಇದೆ. ಅಲ್ಲಿನ ‘ವೆನ್ಸ್’ ಎಂಬ ಒಂದು ಸರಳ ಪಠ್ಯ ಕಡತದಲ್ಲಿ ಯಾವ ಫರ್ಮ್‌ವೇರ್ ಯಾವ ಡ್ರೈವರಿಗೆ, ಯಾವ ಪರವಾನಗಿಯಡಿ ಬಂದಿದೆ ಎಂದು ಬರೆದಿರುತ್ತಾರೆ. ರಿಚರ್ಡ್ ಹ್ಯೂಸ್ ಕಟ್ಟಿದ ಎಲ್‌ವಿಎಫ್‌ಎಸ್ ಎಂಬ ಲಿನಕ್ಸ್ ಫರ್ಮ್‌ವೇರ್ ಹಂಚಿಕೆ ವ್ಯವಸ್ಥೆಗೆ ತಯಾರಕರೇ ಫರ್ಮ್‌ವೇರ್ ಸಲ್ಲಿಸುತ್ತಾರೆ. ಬಳಕೆದಾರರು ಒಪ್ಪಿದರೆ ಅಪ್‌ಡೇಟ್ ಯಶಸ್ವಿಯಾಯಿತೇ, ವಿಫಲವಾಯಿತೇ ಎಂಬ ವರದಿಯೂ ಅಲ್ಲಿಗೆ ಮರಳುತ್ತದೆ. ವಿಂಡೋಸ್ ಡ್ರೈವರ್ ಸಂಗ್ರಹಗಳಲ್ಲಿ ನಾನು ಬಹಳವಾಗಿ ಬಯಸುವುದು ಈ ಮರುವರದಿಯನ್ನೇ. ಸಿ811 ಡಾಂಗಲಿಗೆ ಯಾವ ಆವೃತ್ತಿ ಸರಿಹೋಯಿತು ಎಂದು ನಮಗಿಂತ ಮೊದಲು ಯಾರೋ ಒಬ್ಬರು ಒಂದು ಸಾಲು ದಾಖಲಿಸಿದ್ದರೆ, ನಾವು ಅಂದು ಮೂರು ಆವೃತ್ತಿಗಳನ್ನು ಒಂದೊಂದಾಗಿ ಹಾಕಿ ನೋಡಬೇಕಾಗುತ್ತಿರಲಿಲ್ಲ.

ಆ ಹನ್ನೊಂದು ಯಂತ್ರಗಳ ಹಾರ್ಡ್‌ವೇರ್ ಗುರುತುಗಳನ್ನೂ, ಕೊನೆಗೆ ಸರಿಹೋದ ಆವೃತ್ತಿಗಳನ್ನೂ, ಪ್ರತಿ ಫೋಲ್ಡರಿನ ಹ್ಯಾಶನ್ನೂ ಒಂದು ಪಠ್ಯ ಕಡತದಲ್ಲಿ ಬರೆದು, ಡ್ರೈವರ್‌ಗಳ ಜೊತೆಗೆ ಶಾಲೆಯ ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಅಷ್ಟೂ ಸೇರಿ ಇನ್ನೂರು ಎಂಬಿಯನ್ನೂ ದಾಟಲಿಲ್ಲ. ಅದೇ ಪಟ್ಟಿಯನ್ನು ಸಂಗ್ರಹದ ನಿರ್ವಾಹಕರಿಗೂ ಕಳುಹಿಸಿದ್ದೇನೆ.