ಮಂಗನ ಕಾಯಿಲೆಗೆ ದುಡ್ಡಿಲ್ಲವಂತೆ

ಚಳಿ ಬಿತ್ತೆಂದರೆ ಶಿರಸಿ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯದೇ ಮಾತು. ಬೆಟ್ಟಕ್ಕೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿ, ಬಂದಮೇಲೆ ಬಿಸಿನೀರಲ್ಲಿ ಮೀಯಿರಿ, ಸತ್ತ ಮಂಗ ಕಂಡರೆ ತಿಳಿಸಿ. ಆಯ್ತು ಮಾರಾಯ್ರೇ, ತಿಳಿಸೋಣ. ಆದರೆ ಈ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ. ಇವತ್ತಿಗೂ ಇದಕ್ಕೆಂದೇ ಒಂದು ಔಷಧಿ ಇಲ್ಲ. ಇದ್ದೊಂದು ಹಳೇ ಲಸಿಕೆಯೂ ಸರಿಯಾಗಿ ಕೆಲಸ ಮಾಡದೆ ನಿಂತುಹೋಯಿತು. ಹೊಸದು ಬರುತ್ತದೆ ಎನ್ನುತ್ತಾರೆ. ಬರಲಿ.

ಕಾಡಿನ ಉಣುಗು (ಉಣ್ಣೆ ಹುಳು) ಕಚ್ಚಿ ಕಾಯಿಲೆ ಹತ್ತುವುದು ದರಕು (ಒಣಗಿದ ಎಲೆ) ಗುಡಿಸುವವರಿಗೆ, ಸೊಪ್ಪು ಹೊರುವವರಿಗೆ, ದನ ಮೇಯಿಸುವವರಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಉಣುಗು ಹತ್ತಿದ್ದರೆ ಒಳ್ಳೇ ಲಸಿಕೆ ಎಂದೋ ಬರುತ್ತಿತ್ತು, ಅಲ್ವಾ?

2025ರೊಳಗೆ ಆರೋಗ್ಯಕ್ಕೆ ಜಿಡಿಪಿಯ ಶೇ. 2.5ರಷ್ಟು ಸರ್ಕಾರಿ ಖರ್ಚು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಬರೆದಿದ್ದರು. ಮುಟ್ಟಲಿಲ್ಲ. ಸಂಶೋಧನೆಯ ಕಥೆ ಇನ್ನೂ ಬಡವು: ಎಲ್ಲಾ ವಿಜ್ಞಾನ ಸೇರಿಸಿದರೂ ದೇಶದ ಖರ್ಚು ಜಿಡಿಪಿಯ ಶೇ. 1 ದಾಟುವುದಿಲ್ಲ. ಅದರಲ್ಲಿ ನಮ್ಮ ಮಂಗನ ಪಾಲೆಷ್ಟೋ!

ಜ್ವರ ಜೋರಾದರೆ ಗಾಡಿ ಮಾಡಿಕೊಂಡು ಮಣಿಪಾಲಕ್ಕೆ ಓಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ದೊಡ್ಡಾಸ್ಪತ್ರೆ ಕೊಡಿ ಎಂದು ಕೇಳಿ ಕೇಳಿ ಕಾರವಾರದಿಂದ ಭಟ್ಕಳದವರೆಗೆ ಜನರ ಗಂಟಲು ಒಣಗಿದೆ. ಚುನಾವಣೆ ಹತ್ತಿರ ಬಂದರೆ ಮಾತ್ರ ಎಲ್ಲರಿಗೂ ಅದು ನೆನಪಾಗುತ್ತದೆ.