ಕಾಕಾ ಹೊಡೆದ ಏಟು ಅಪರಾಧವಲ್ಲ

ಹೋದ ವಾರ ಬೆಟಗೇರಿಯ ಕಾಕಾನ ಮನೆಗೆ ಹೋಗಿದ್ದೆ. ಹಿತ್ತಲ ಬಾಗಿಲಿಗೆ ಹೊಸ ಚಿಲಕ. ಅದರ ಕೆಳಗೆ ಕಟ್ಟಿಗೆ ಸೀಳಿದ ಗುರುತು. ರಾತ್ರಿ ಎರಡರ ಸುಮಾರಿಗೆ ಯಾರೋ ಸಲಾಕೆ ಹಾಕಿ ಮೀಟಿದ್ದಾನೆ. ಒಳಗೆ ಕಾಲಿಟ್ಟವನ ಕೈಗೆ ಕಾಕಾ ಬಡಿಗೆಯಿಂದ ಒಂದೇ ಏಟು ಹಾಕಿದ್ದಾರೆ. ಸಲಾಕೆ ಅಲ್ಲೇ ಬಿತ್ತು, ಅವನು ಬರಿಗೈಲಿ ಗೋಡೆ ಹಾರಿ ಓಡಿದ.

ಪೊಲೀಸರಿಗೆ ಹೇಳಿದ್ರಾ ಅಂತ ಕೇಳಿದೆ.

"ನಿಂಗೇನ ಹುಚ್ಚ ಹಿಡದೈತೇನಪಾ? ಅವನ ಕೈ ಮುರದಿದ್ರ ಕೇಸ್ ನನ್ನ ಮ್ಯಾಲ ಬೀಳ್ತೈತಿ."

ಸಲಾಕೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಬಚ್ಚಿಟ್ಟಿದ್ದಾರೆ. 68 ವರ್ಷದ ಮನುಷ್ಯ, ತಪ್ಪು ಮಾಡಿದವರ ಹಾಗೆ! ನನಗೆ ಬಹಳ ಸಂಕಟವಾಯಿತು.

ಕಾಕಾನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಜೀವ, ಆಸ್ತಿ ಕಾಯ್ದುಕೊಳ್ಳುವ ಹಕ್ಕು ನಮ್ಮ ಕಾನೂನಿನಲ್ಲೇ ಇದೆ. ಮೊದಲು ಹಳೆಯ ದಂಡ ಸಂಹಿತೆ ಐಪಿಸಿಯ 96ರಿಂದ 106ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗಿದವನ ವಿಷಯದಲ್ಲಿ ಈ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು, 41ನೇ ಕಲಮು ನೋಡಿ. ಆದರೆ ಕಾಯ್ದುಕೊಳ್ಳಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಅಪಾಯದಲ್ಲಿರುವವನು ಪ್ರತಿ ಏಟನ್ನೂ ಲೆಕ್ಕ ಹಾಕಿ ಹೊಡೆಯಬೇಕು ಅಂತ ಬಯಸುವಂತಿಲ್ಲ ಎಂದು 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಹಾಗಂತ ಕೇಸೇ ಆಗುವುದಿಲ್ಲ ಅನ್ನಲಾರೆ. ಕೇಸ್ ಆದರೆ, ಆತ್ಮರಕ್ಷಣೆಗೆ ಹೊಡೆದೆ ಅಂತ ತೋರಿಸಬೇಕಾದವರು ನಾವೇ. ಅದಕ್ಕೇ ಅಟ್ಟದ ಮೇಲಿನ ಸಲಾಕೆ ಕಂಡು ನನಗೆ ಸಿಟ್ಟು ಬಂದದ್ದು. ಕಾಕಾನ ಪರ ಇದ್ದ ಸಾಕ್ಷಿ ಅದೊಂದೇ. ಅದನ್ನೇ ಬಚ್ಚಿಟ್ಟರೆ ಹೇಗೆ?

ಹೆದರಬೇಕಾದ ಜಾಗ ಬೇರೆ ಇದೆ. ಅಲ್ಲಿ ನಾವು ಹೆದರುವುದೇ ಇಲ್ಲ. ಕಳ್ಳ ಸಿಕ್ಕ ಅಂದರೆ ಓಣಿಯವರೆಲ್ಲ ಸೇರಿ ಲೈಟಿನ ಕಂಬಕ್ಕೆ ಕಟ್ಟಿ ಹೊಡೆಯುತ್ತಾರೆ, ಕೆಲವರು ವಿಡಿಯೋ ಮಾಡುತ್ತಾರೆ. ಕಟ್ಟಿದವನಿಂದ ಯಾರಿಗೆ ಅಪಾಯ? ಅಲ್ಲಿಂದ ಮುಂದಿನ ಪ್ರತಿ ಏಟೂ ಅಪರಾಧ. ಕಣ್ಣೆದುರು ಮನೆ ಒಡೆದವನನ್ನು ಹಿಡಿಯಬಹುದು, ಆದರೆ ತಡಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಕಾಕಾನ ಪಕ್ಕದ ಮನೆಯವರು ಕಂಪೌಂಡಿಗೆ ಕರೆಂಟಿನ ತಂತಿ ಎಳೆಯುವ ಮಾತಾಡುತ್ತಿದ್ದರು. ದಯವಿಟ್ಟು ಬೇಡ. ಹೊಲಕ್ಕೆ ಹಂದಿ ಬರಬಾರದು ಅಂತ ಬಿಟ್ಟ ಕರೆಂಟಿಗೆ ಮನುಷ್ಯರು ಸತ್ತ ಸುದ್ದಿ ನಾವು ಓದಿಲ್ವಾ? ಬಿಹಾರದಲ್ಲಿ ಒಬ್ಬ, ಹೊರಗಿನವರು ತನ್ನ ಪಾಯಖಾನೆಗೆ ಬರಬಾರದು ಅಂತ ದಾರಿಗೆ ಕರೆಂಟಿನ ತಂತಿ ಕಟ್ಟಿದ್ದ. ನೆರೆಮನೆಯ ಹೆಣ್ಣುಮಗಳು ಮುಟ್ಟಿ ಸತ್ತಳು. ನನ್ನ ಜಾಗ, ನನ್ನ ಹಕ್ಕು ಅಂದ. 1963ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅವನಿಗಾದ ಶಿಕ್ಷೆಯನ್ನು ಎತ್ತಿಹಿಡಿಯಿತು. ತಂತಿಗೆ ಕಳ್ಳ ಯಾರು, ಚೆಂಡು ತರಲು ಬಂದ ಹುಡುಗ ಯಾರು ಅಂತ ಗೊತ್ತಾಗುತ್ತದೆಯೇ?

ಸಂಜೆ ಕಾಕಾ ತಾವೇ ಅಟ್ಟ ಹತ್ತಿ ಸಲಾಕೆ ಇಳಿಸಿದರು. ಇಬ್ಬರೂ ಸ್ಟೇಷನ್ನಿಗೆ ಹೋಗಿ, ಬಡಿಗೆಯ ಏಟನ್ನೂ ಮುಚ್ಚಿಡದೆ ದೂರು ಬರೆದುಕೊಟ್ಟೆವು. ತಡವಾಗಿ ಬಂದಿರಿ, ಆ ರಾತ್ರಿಯೇ 112ಕ್ಕೆ ಫೋನ್ ಮಾಡಬೇಕಿತ್ತು ಅಂದರು. ಅದು ನಿಜ.